ಬಾತ ಕಾಲಿಗೆ ಉತ್ತರ ಕೊಡುವವರು ಯಾರು?

ಸಕಲೇಶಪುರ, ಆಲೂರು ಕಡೆಯ ತೋಟಗಳಲ್ಲಿ ಆಳುಗಳ ಬಗ್ಗೆ ಆಡುವ ಮಾತುಗಳನ್ನೆಲ್ಲ ಒಂದು ಕಡೆ ಬರೆದಿಟ್ಟರೆ ಮೊದಲನೇ ಸಾಲಿನಲ್ಲಿ ನಿಲ್ಲೋದು 'ಸೋಮಾರಿಗಳು' ಅನ್ನೋ ಮಾತು. 'ಈಗಿನ ಆಳುಗಳಿಗೆ ಮೈ ಬಗ್ಗಲ್ಲ', 'ಹತ್ತು ಗಂಟೆಗೇ ಗಿಡದ ಬುಡದಲ್ಲಿ ಕೂತ್ಕತವೆ', 'ಕೂಲಿ ಮಾತ್ರ ಪೂರ್ತಿ ಬೇಕು'. ರೈಟರು ಹಾಜರಿ ಪುಸ್ತಕದಲ್ಲಿ ಅರ್ಧ ದಿನ ಅಂತ ಗೆರೆ ಎಳೀತಾನೆ. ಮುಗೀತು. ಆ ಗೆರೆ ಬಿದ್ದ ಹೊತ್ತಿನಲ್ಲಿ ಕೂತಿದ್ದ ಹೆಂಗಸಿನ ಮೈಯಲ್ಲಿ ರಕ್ತ ಎಷ್ಟಿತ್ತು ಅನ್ನೋದು ಯಾವ ಪುಸ್ತಕದಲ್ಲೂ ಸಿಗೋದಿಲ್ಲ.

ನಾವು ಈ ಸಲ ಬರೆಯಬೇಕೆಂದು ಹೊರಟಿರುವುದು ಆ ಸುಸ್ತಿನ ಬಗ್ಗೆ. ಸುಸ್ತಿನ ಜೊತೆಗೇ ಬರುವ ಬಾವಿನ ಬಗ್ಗೆ. ಲೈನು ಮನೆಗಳಲ್ಲಿ, ಕೇರಿಗಳಲ್ಲಿ ನಮ್ಮ ಅವ್ವಂದಿರು, ಅತ್ತೆಯರು, ದೊಡ್ಡಪ್ಪಂದಿರು ಸಂಜೆ ಒಲೆ ಮುಂದೆ ಕಾಲು ಚಾಚಿಕೊಂಡು 'ಕಾಲು ಬಾತ್ಕಂಡವೆ ಕಣಪ್ಪ, ಉಸ್ರು ಹಿಡಿಯಂಗೆ ಆಗ್ತದೆ' ಅಂತಾರಲ್ಲ, ಅದರ ಬಗ್ಗೆ. ನೀವು ಹಾಸ್ಟೆಲಿನಿಂದ ರಜಕ್ಕೆ ಹೋದಾಗ ಈ ಮಾತನ್ನು ಕೇಳಿಯೇ ಇರುತ್ತೀರಿ. ಕೇಳಿ ಕೇಳಿ ಅದು ಮನೆಯ ಗೋಡೆಯ ಬಿರುಕಿನಂತೆ ಕಣ್ಣಿಗೆ ಬೀಳದೇ ಹೋಗಿರುತ್ತದೆ.

ಹೆತ್ತೂರು ಕಡೆಯ ಒಂದು ಲೈನಿನಲ್ಲಿರುವ ನಮ್ಮ ಗೆಳೆಯನೊಬ್ಬನ ಅವ್ವನ ಕಥೆ ಕೇಳಿ. ಮೂರು ವರ್ಷ ಮುಖ ಊದಿತ್ತು, ಕಾಲು ಬಾತಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಮೊದಲ ವರ್ಷ 'ಗಾಳಿ ಮೆಟ್ಟಿದೆ' ಅಂತ ದಾರ ಕಟ್ಟಿಸಿದರು, ಕೋಳಿ ಕೊಯ್ದರು. ಎರಡನೇ ವರ್ಷ ಸಂತೆ ಊರಿನ ಸೂಜಿ ಡಾಕ್ಟರರ ಸರದಿ. ವಾರಕ್ಕೊಂದು ಬಾಟಲಿ ಗ್ಲೂಕೋಸು, ಒಂದು ಕೆಂಪು ಸೂಜಿ, ನೋವಿನ ಮಾತ್ರೆ ಒಂದು ಹಿಡಿ. ಗ್ಲೂಕೋಸು ಹತ್ತಿಸಿಕೊಂಡ ದಿನ 'ಏನೋ ಹಗುರಾಯ್ತು' ಅನ್ನೋರು. ಅರ್ಧ ಲೀಟರ್ ಬಾಟಲಿಯಲ್ಲಿ ಇರೋದು ಒಂದು ಹಿಡಿಗಿಂತ ಹೆಚ್ಚಿಲ್ಲದ ಸಕ್ಕರೆ. ಬಾತ ಮೈಗೆ ಇನ್ನಷ್ಟು ನೀರು ಸುರಿದಂಗೆ. ಮೂರನೇ ವರ್ಷ ದೊಡ್ಡದೊಂದು ಆಸ್ಪತ್ರೆಗೆ ಹೋದರೆ ಅಲ್ಲಿ ಕೂತಿದ್ದವರು ಮೇಜಿನ ಆಚೆಯಿಂದಲೇ ನೋಡಿ 'ರಕ್ತ ಇಲ್ಲ ಕಣಮ್ಮ, ಚೆನ್ನಾಗಿ ತಿನ್ನು, ದಾಳಿಂಬೆ ತಿನ್ನು, ಖರ್ಜೂರ ತಿನ್ನು' ಅಂದು ಚೀಟಿ ಬರೆದರು. ಆಯಮ್ಮ ಹೊರಗೆ ಬಂದು ಮಗನಿಗೆ ಹೇಳಿದ್ದು: 'ನನ್ ಕಾಲ್ ಮುಟ್ಲೇ ಇಲ್ವಲ್ಲಪ್ಪ.'

ಈ ಮಾತನ್ನು ನಾವು ಬಹಳ ದಿನ ತಲೆಯಲ್ಲಿ ಹೊತ್ತುಕೊಂಡು ತಿರುಗಿದ್ದೇವೆ. ಬಾತ ಕಾಲನ್ನು ಹೆಬ್ಬೆರಳಿನಿಂದ ಹತ್ತು ಎಣಿಸುವಷ್ಟು ಹೊತ್ತು ಒತ್ತಿ ಹಿಡಿದು ಬಿಡಬೇಕು. ಗುಳಿ ಬಿದ್ದು ಹಾಗೇ ನಿಲ್ಲುತ್ತದೋ ಇಲ್ಲವೋ ನೋಡಬೇಕು. ಕಣ್ಣಿನ ಕೆಳರೆಪ್ಪೆ ಎಳೆದು ಬಿಳಿಚಿದೆಯೋ ನೋಡಬೇಕು. ಕಾಸು ಖರ್ಚಿಲ್ಲದ ಪರೀಕ್ಷೆ ಇದು. ಆದರೆ ಮುಟ್ಟಬೇಕು. ಮುಟ್ಟದೆ ಮಾಡುವ ವೈದ್ಯಕ್ಕೆ ನಮ್ಮ ದೇಶದಲ್ಲಿ ಬೇರೆ ದೇಶಗಳಲ್ಲಿ ಇಲ್ಲದ ಒಂದು ಅರ್ಥ ಇದೆ. ಎಲ್ಲ ವೈದ್ಯರೂ ಹಾಗೆ ಅಂತ ನಾವು ಹೇಳುತ್ತಿಲ್ಲ. ಆಮೇಲೆ ಆಯಮ್ಮನ ಕಾಲು ಒತ್ತಿ ನೋಡಿದ್ದೂ ಒಬ್ಬ ಡಾಕ್ಟರಮ್ಮನೇ. ರಕ್ತ, ಮಲ, ಮೂತ್ರ ಮೂರನ್ನೂ ಪರೀಕ್ಷೆಗೆ ಕಳಿಸಿದರು. ಹಿಮೋಗ್ಲೋಬಿನ್ 5 ಗ್ರಾಂ. ಹೆಂಗಸರಿಗೆ 12 ಇರಬೇಕು, 8ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ ಅಂತ ಲೆಕ್ಕ. ಮಲದಲ್ಲಿ ಕೊಕ್ಕೆಹುಳುವಿನ ಮೊಟ್ಟೆ. ಮೂರು ವರ್ಷದ ಗಾಳಿಗೆ ಸಿಕ್ಕ ಉತ್ತರ ಇದು.

ಕೊಕ್ಕೆಹುಳು ಅಂದರೆ ಏನು ಅಂತ ನಮ್ಮಂಥ ಕಲಾ ವಿಭಾಗದವರೂ ತಿಳಿದುಕೊಳ್ಳಬೇಕು. ಒಂದು ಸೆಂಟಿಮೀಟರ್ ಉದ್ದದ ದಾರದಂಥ ಹುಳು. ಸಣ್ಣ ಕರುಳಿಗೆ ಕಚ್ಚಿಕೊಂಡು ವರ್ಷಗಟ್ಟಲೆ ರಕ್ತ ಹೀರುತ್ತದೆ. ಅದರ ಮೊಟ್ಟೆ ಮಲದ ಜೊತೆ ಮಣ್ಣಿಗೆ ಬೀಳುತ್ತದೆ. ಮಣ್ಣು ತೇವವಾಗಿರಬೇಕು, ಬೆಚ್ಚಗಿರಬೇಕು, ಮೇಲೆ ನೆರಳಿರಬೇಕು. ಹೇಳಿ ಗೆಳೆಯರೆ, ಕಾಫಿ ತೋಟ ಅಂದರೆ ಇನ್ನೇನು? ಸಿಲ್ವರ್ ಮರದ ನೆರಳು, ತರಗೆಲೆಯ ಹೊದಿಕೆ, ಮಳೆಯ ತೇವ. ಕಾಫಿಗೆ ಹಿತವಾದದ್ದೆಲ್ಲ ಹುಳುವಿಗೂ ಹಿತ. ಮೊಟ್ಟೆಯೊಡೆದ ಮರಿ ಮಣ್ಣಿನಲ್ಲಿ ಕಾದು ಕೂತು, ಬರಿಗಾಲಿನ ಚರ್ಮ ತೂರಿ ಒಳಗೆ ಹೋಗುತ್ತದೆ. ಬೆರಳ ಸಂದಿಯಲ್ಲಿ ಒಂದೆರಡು ದಿನ ನವೆ, ಅಷ್ಟೆ. 'ಮಣ್ಣು ಹತ್ತಿದೆ' ಅಂತ ಕೆರೆದುಕೊಂಡು ಮರೆಯುತ್ತೇವೆ. ಮಳೆಗಾಲದಲ್ಲಿ ಕಾಲಿಗೆ ಹತ್ತುವ ಇಂಬಳವನ್ನಾದರೂ ಸುಣ್ಣ, ಹೊಗೆಸೊಪ್ಪು ಹಚ್ಚಿ ಕಿತ್ತೆಸೆಯಬಹುದು. ಈ ಒಳಗಿನ ಇಂಬಳ ಕಣ್ಣಿಗೆ ಕಾಣೋದಿಲ್ಲ.

ಒಂದು ಹುಳು ಕುಡಿಯುವ ರಕ್ತ ಬಹಳ ಕಡಿಮೆ. ಒಂದು ಜಾತಿಯ ಹುಳು ದಿನಕ್ಕೆ ಸುಮಾರು 0.03 ಮಿಲಿಲೀಟರ್ ಹೀರುತ್ತದೆ, ಇನ್ನೊಂದು ಜಾತಿಯದು ಅದರ ಐದಾರು ಪಟ್ಟು. (ಹುಳುಗಳಲ್ಲೂ ಜಾತಿ ಇದೆ ಅಂತ ನಗಬೇಡಿ.) ಕಡಿಮೆ ಹೀರುವ ಹುಳುವಿನ ಲೆಕ್ಕವನ್ನೇ ಹಿಡಿಯೋಣ. ಹೊಟ್ಟೆಯಲ್ಲಿ 200 ಇದ್ದರೆ ದಿನಕ್ಕೆ 6 ಮಿಲಿಲೀಟರ್, ತಿಂಗಳಿಗೆ 180. ನೀವು ಕಾಲೇಜಿನ ರಕ್ತದಾನ ಶಿಬಿರದಲ್ಲಿ ಒಂದು ಸಲಕ್ಕೆ ಕೊಡೋದು 350. ಅಂದರೆ ಎರಡು ತಿಂಗಳಿಗೊಮ್ಮೆ ನಮ್ಮವ್ವ ಯಾರಿಗೂ ಹೇಳದೆ ಒಂದು ರಕ್ತದಾನ ಮಾಡುತ್ತಾ, ಜೊತೆಗೆ ಹಣ್ಣಿನ ಮೂಟೆಯನ್ನೂ ಹೊತ್ತು ಕಣಕ್ಕೆ ಹಾಕುತ್ತಾಳೆ. ರಕ್ತ ತೆಳುವಾದಷ್ಟೂ ಹೃದಯ ಎರಡರಷ್ಟು ಬಡಿದುಕೊಳ್ಳಬೇಕು. ರಕ್ತದ ಜೊತೆ ಮೈಯ ಪ್ರೋಟೀನೂ ಸೋರುತ್ತದೆ. ಪ್ರೋಟೀನು ಇಳಿದಾಗ ನೀರು ರಕ್ತನಾಳದೊಳಗೆ ನಿಲ್ಲದೆ ಹೊರಗೆ ಬಂದು ಕಾಲಲ್ಲಿ, ಮುಖದಲ್ಲಿ ಕೂರುತ್ತದೆ. 'ಮೈ ಬಂದಿದೆ' ಅಂತ ಯಾರೋ ಹೊಗಳುತ್ತಾರೆ. ಬಂದಿರೋದು ಮೈಯಲ್ಲ, ನೀರು. ಕೆಲವು ಹೆಂಗಸರಿಗೆ, ಮಕ್ಕಳಿಗೆ ಮಣ್ಣು ತಿನ್ನುವ ಆಸೆ ಹತ್ತುತ್ತದೆ. ಅದಕ್ಕೆ ಅವರನ್ನು ಹೊಡೆಯುತ್ತಾರೆ. ಮೈಯಲ್ಲಿ ಕಬ್ಬಿಣದ ಅಂಶ ಬತ್ತಿದಾಗ ಬರುವ ಆಸೆ ಅದು.

ಸೋಮಾರಿತನದ ಮಾತಿಗೆ ಬರೋಣ. 1880ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ಸೇಂಟ್ ಗೊಟ್‌ಹಾರ್ಡ್ ರೈಲು ಸುರಂಗ ಕೊರೆಯುತ್ತಿದ್ದ ಇಟಲಿಯ ಕೂಲಿಗಳು ಬಿಳಿಚಿಕೊಂಡು, ಸುಸ್ತಾಗಿ ಬೀಳತೊಡಗಿದಾಗ ಇಟಲಿಯ ವೈದ್ಯರು ಈ ಹುಳುವನ್ನು ಪತ್ತೆ ಮಾಡಿದರು. 1902ರಲ್ಲಿ ಅಮೆರಿಕದಲ್ಲಿ ಚಾರ್ಲ್ಸ್ ಸ್ಟೈಲ್ಸ್ ಅನ್ನುವ ವಿಜ್ಞಾನಿ, ದಕ್ಷಿಣ ರಾಜ್ಯಗಳ ಬಡವರ ಬೆನ್ನಿಗೆ ಬಿದ್ದಿರುವುದು ಇದೇ ಹುಳು ಅಂದ. ಪತ್ರಿಕೆಗಳು 'ಸೋಮಾರಿತನದ ಕ್ರಿಮಿ ಸಿಕ್ಕಿತು' ಅಂತ ಗೇಲಿ ಮಾಡಿದವು. ಅಲ್ಲಿಯೂ ಹತ್ತಿ ಹೊಲದ ಬಡವರಿಗೆ ಸೋಮಾರಿಗಳು ಅನ್ನುವ ಹೆಸರಿತ್ತು. 1909ರಲ್ಲಿ ರಾಕ್‌ಫೆಲರ್ 10 ಲಕ್ಷ ಡಾಲರ್ ಕೊಟ್ಟು ಆಯೋಗ ಕೂರಿಸಿದ. ಪರೀಕ್ಷೆ ಮಾಡಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಹುಳು ಇತ್ತು. ಕೂಲಿಗಳು ಚುರುಕಾಗಿ ದುಡಿಯಲಿ ಅನ್ನೋ ಲೆಕ್ಕಾಚಾರ ಆ ಸಾಹುಕಾರನಿಗೆ ಇರಲಿಲ್ಲ ಅಂತ ನಾವೇನೂ ನಂಬಿಲ್ಲ. ಆದರೂ ಅಲ್ಲಿ ಸೋಮಾರಿತನ ಅನ್ನೋದು ಪ್ರಯೋಗಶಾಲೆಗೆ ಹೋಗಿ ಕಾಯಿಲೆಯಾಗಿ ಹೊರಗೆ ಬಂತು. ನಮ್ಮಲ್ಲಿ ಅದು ಹಾಜರಿ ಪುಸ್ತಕದಲ್ಲೇ ಉಳಿದಿದೆ.

ಬರಿಗಾಲು ಅಂದೆವಲ್ಲ. ನಮ್ಮವರ ಕಾಲು ಯಾಕೆ ಬರಿದಾಗಿತ್ತು? ಮೆಟ್ಟು ಹೊಲಿದವರು ನಾವು. ಆದರೆ ಮೇಲಿನವರ ಬೀದಿಯಲ್ಲಿ ಮೆಟ್ಟು ಕೈಗೆ ತೆಗೆದುಕೊಂಡು ನಡೆಯಬೇಕಾಗಿತ್ತು. ತಲೆಮಾರುಗಟ್ಟಲೆ ಹಾಗೆ ನಡೆದ ಕಾಲಿಗೆ ಮೆಟ್ಟು ಹಾಕುವುದೇ ನಾಚಿಕೆ ಅನ್ನುವಂತೆ ಮಾಡಿದ್ದರು. ಅದು ಬರೀ ಅವಮಾನ ಅಂತ ಇಷ್ಟು ದಿನ ಭಾಷಣ ಮಾಡಿದ್ದೇವೆ. ಅದು ಕರುಳಿಗೂ ಇಳಿದಿತ್ತು.

ಇನ್ನು ಲೈನು ಮನೆಯ ಹಿಂದಿನ ವಿಷಯ. ಕಕ್ಕಸು ಇಲ್ಲದಿದ್ದರೆ, ಇದ್ದೂ ನೀರಿಲ್ಲದಿದ್ದರೆ, ಜನ ಗಿಡಗಳ ಸಂದಿಗೇ ಹೋಗಬೇಕು. ಬೆಳಿಗ್ಗೆ ಅದೇ ಮಣ್ಣಲ್ಲಿ ಕಳೆ ಕೀಳಬೇಕು, ಗುಂಡಿ ತೆಗೆಯಬೇಕು. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ ಕುಡಿಯುವ ನೀರು, ಕಕ್ಕಸು, ವೈದ್ಯಕೀಯ ಸೌಲಭ್ಯ, ಮನೆ ಎಲ್ಲವನ್ನೂ ಮಾಲೀಕ ಒದಗಿಸಬೇಕು ಅಂತ ಬರೆದಿದ್ದರು. ಆದರೆ ಯಾವ ತೋಟಕ್ಕೆ? ಮೊದಲು 25 ಎಕರೆ, 30 ಆಳು ಇದ್ದ ತೋಟಕ್ಕೆ. 1981ರ ತಿದ್ದುಪಡಿ ಅದನ್ನು 5 ಹೆಕ್ಟೇರ್, 15 ಆಳಿಗೆ ಇಳಿಸಿತು. ನಮ್ಮ ಸೀಮೆಯ ಬಹುಪಾಲು ಕಾಫಿ ಹಿಡುವಳಿ ಸಣ್ಣವು. ಅಲ್ಲಿ ದುಡಿಯುವವರ ಕಾಲು ಬಾತರೆ ಕಾಯ್ದೆಯ ಕಣ್ಣಿಗೆ ಅದು ಕಾಲೇ ಅಲ್ಲ. ಈಗ ಆ ಕಾಯ್ದೆಯನ್ನು 2020ರ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದ್ದಾರೆ. ಬಾಬಾಸಾಹೇಬರು 1942ರಿಂದ 46ರವರೆಗೆ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ಕಾರ್ಮಿಕರ ಆರೋಗ್ಯ ವಿಮೆಗೆ ಬುನಾದಿ ಬಿತ್ತು. 1948ರಲ್ಲಿ ಇಎಸ್‌ಐ ಕಾಯ್ದೆ ಬಂತು. ಅದು ಕಾರ್ಖಾನೆಯ ಗೇಟಿನವರೆಗೆ ಬಂದು ನಿಂತಿತು, ತೋಟದ ತಡಮೆ ದಾಟಲಿಲ್ಲ.

ಇಷ್ಟು ಓದಿ, 'ಸರಿ ಬಿಡಿ, ಎಲ್ಲಾ ಬಾವಿಗೂ ಹುಳುವೇ ಕಾರಣ' ಅಂದುಕೊಂಡು ಔಷಧಿ ಅಂಗಡಿಗೆ ಓಡಬೇಡಿ. ನಮ್ಮ ಜಗಳ ಇರೋದೇ ಊಹೆಯ ಮೇಲೆ. ಬೆಳಿಗ್ಗೆ ಏಳುವಾಗ ಕಣ್ಣಿನ ಸುತ್ತ ಊದಿ, ಮೂತ್ರ ನೊರೆನೊರೆಯಾಗಿ ಹೋಗುತ್ತಿದ್ದರೆ ಮೂತ್ರಪಿಂಡದ ಕಡೆ ನೋಡಬೇಕು. ಆಲೂರು ಕಡೆಯ ನಮ್ಮ ಬಂಧುವೊಬ್ಬರು ಬೆನ್ನು ನೋವಿಗೆ ಅಂತ ಅಂಗಡಿಯ ನೋವಿನ ಮಾತ್ರೆಯನ್ನು ವರ್ಷಗಟ್ಟಲೆ ಎಲೆ ಅಡಿಕೆ ಹಾಕಿದಂತೆ ನುಂಗಿದರು. ಬಾವು ಬಂದಾಗ ಅದಕ್ಕೂ ಅದೇ ಮಾತ್ರೆ. ಮೂತ್ರಪಿಂಡ ಹೋಗಿದೆ ಅಂತ ಗೊತ್ತಾಗುವ ಹೊತ್ತಿಗೆ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹಾಸನಕ್ಕೆ ಓಡಾಡುವ ಸ್ಥಿತಿ. ಅವರು ಈಗಿಲ್ಲ. ಒಂದು ಮೂತ್ರ ಪರೀಕ್ಷೆ, ಒಂದು ಕ್ರಿಯಾಟಿನಿನ್ ಪರೀಕ್ಷೆ ಮೊದಲೇ ಆಗಿದ್ದರೆ ಅಂತ ನಾವು ಎಷ್ಟು ಸಲ ಮಾತಾಡಿಕೊಂಡಿದ್ದೇವೋ.

ಹೃದಯದ ಬಾವು ಬೇರೆ. ಸಂಜೆಗೆ ಕಾಲು ಬಾಯುತ್ತದೆ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುವ ಕಡೆ ಮಕ್ಕಳಿಗೆ ಗಂಟಲು ನೋವು ಒಬ್ಬರಿಂದೊಬ್ಬರಿಗೆ ಹತ್ತುತ್ತದೆ. ಒಂದು ಬಗೆಯ ಗಂಟಲು ನೋವಿನ ಬೆನ್ನಿಗೆ ಕೆಲವು ಮಕ್ಕಳಿಗೆ ಜ್ವರ, ಕೀಲು ಊತ. ಅದು ವಾಸಿಯಾಯಿತು ಅಂದುಕೊಂಡರೆ ಒಳಗೆ ಹೃದಯದ ಕವಾಟ ಕೆಟ್ಟಿರುತ್ತದೆ. ಇಪ್ಪತ್ತರ ಹುಡುಗಿ ಬಸುರಿಯಾದಾಗ ಅದು ಹೊರಬೀಳುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಸೂಜಿಯಿಂದ ಆ ಕವಾಟ ಇನ್ನಷ್ಟು ಕೆಡದಂತೆ ತಡೆಯಬಹುದು. ಕೆಂಪು ಸೂಜಿಗೆ ಕೊಟ್ಟ ದುಡ್ಡಿನಲ್ಲಿ ಅದು ಎಷ್ಟು ಸಲ ಬರುತ್ತಿತ್ತು ಲೆಕ್ಕ ಹಾಕಿ. ಒತ್ತಿದರೆ ಗುಳಿ ಬೀಳದ ಬಾವು, ಚಳಿ ತಡೆಯಲಾಗದಿರುವುದು, ದನಿ ದಪ್ಪವಾಗುವುದು ಇದ್ದರೆ ಥೈರಾಯ್ಡು ನೋಡಬೇಕು. ಒಂದೇ ಕಾಲು ಬಾತರೆ ಅದರ ದಾರಿಯೇ ಬೇರೆ. ಬಸುರಿಯ ಮುಖ, ಕೈ ಬಾತು ತಲೆನೋವು ಬಂದರೆ ಅದೇ ದಿನ ರಕ್ತದೊತ್ತಡ ನೋಡಿಸಬೇಕು, ನಾಳೆ ಅನ್ನಬಾರದು.

ಉತ್ತರ ಹುಡುಕುವುದು ಸುಲಭ ಅಂತ ನಾವು ಹೇಳೋದಿಲ್ಲ. ಸಾಗರ ತಾಲ್ಲೂಕಿನ ಹಂದಿಗೋಡನ್ನು ನೆನೆಯಿರಿ. 1974-75ರ ಹೊತ್ತಿಗೆ ಆ ಊರಿನ ದಲಿತರ ಕೇರಿಯಲ್ಲಿ ಸೊಂಟ, ಮಂಡಿ ನೋವು ಹತ್ತಿ ಜನ ನೆಟ್ಟಗೆ ನಿಲ್ಲಲಾರದೆ ಹೋದರು. ಕೆಲವರು ಕೋಲು ಹಿಡಿದರು, ಕೆಲವರು ತೆವಳಿದರು. ಚನ್ನಂಗಿ, ಛಲವಾದಿ ಕುಲದವರಲ್ಲೇ ಹೆಚ್ಚು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದರು. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದೇ ಕಾರಣ ಇರಬೇಕು ಅನ್ನುವ ಅನುಮಾನ ಬಹಳ ಕಾಲ ಓಡಾಡಿತು. ಎಷ್ಟೋ ವರ್ಷಗಳ ಮೇಲೆ ಸಂಶೋಧಕರು ಇದು ವಂಶವಾಹಿಯಲ್ಲಿ ಬರುವ ಮೂಳೆಯ ದೋಷ ಅಂದರು. ನಮ್ಮಲ್ಲಿ ಕೆಲವರಿಗೆ ಈ ಉತ್ತರ ರುಚಿಸೋದಿಲ್ಲ. ವಿಷ ಅಂದಿದ್ದರೆ ಹೋರಾಟಕ್ಕೆ ಒಬ್ಬ ಶತ್ರು ಸಿಗುತ್ತಿದ್ದ. ನಾವು ಅವರ ಮಾತು ಒಪ್ಪೋದಿಲ್ಲ. ಉತ್ತರ ನಮ್ಮ ಘೋಷಣೆಗೆ ಹೊಂದಬೇಕು ಅಂತ ಹಟ ಹಿಡಿಯುವುದೂ, ಮೇಜಿನ ಆಚೆಯಿಂದಲೇ ಚೀಟಿ ಬರೆಯುವುದೂ ಒಂದೇ ಸಾಲಿನವು. ವಂಶದಲ್ಲಿ ಬಂತು ಅಂದ ಮಾತ್ರಕ್ಕೆ ಸರ್ಕಾರದ ಕೆಲಸ ಮುಗಿಯಿತೇ? ತೆವಳುವವನಿಗೆ ಊರುಗೋಲು, ಪಿಂಚಣಿ, ಶಸ್ತ್ರಚಿಕಿತ್ಸೆ ಬೇಡವೇ? ಜಗಳ ಅಲ್ಲಿಂದ ಮುಂದುವರಿಯಬೇಕು.

ಇನ್ನೊಂದು ಕಡೆ ಕಾಸರಗೋಡು ಇದೆ. ನಮ್ಮದೇ ಭಾಷೆಯ ಗಡಿನಾಡು. ಅಲ್ಲಿನ ಗೇರು ತೋಟಗಳ ಮೇಲೆ 2000ದವರೆಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆ, ಪಡ್ರೆಯ ಮನೆಗಳಲ್ಲಿ ಮಕ್ಕಳು ಹೀಗೇಕೆ ಹುಟ್ಟುತ್ತಿವೆ ಅಂತ ಊರ ಜನ ದೈವದ ಶಾಪವನ್ನು ಹುಡುಕುತ್ತಿದ್ದರು. ಅಲ್ಲಿನ ಹಳ್ಳಿ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಮನೆಮನೆಯ ಲೆಕ್ಕ ಇಟ್ಟು, ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಕಾಯಿಲೆ ಯಾಕೆ ಅಂತ ಕೇಳಿದರು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಆ ವಿಷವನ್ನು ನಿಲ್ಲಿಸಿತು. ಮೊದಲು ಇದ್ದದ್ದು ಒಂದು ಲೆಕ್ಕದ ಪುಸ್ತಕ, ಅಷ್ಟೆ.

ನಮ್ಮ ಬೆಟ್ಟಗಳಿಗೆ ಅಂಥದೊಂದು ಪುಸ್ತಕ ಬೇಕು. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಇದು ಬಂಗಲೆಯ ಅಮ್ಮನವರನ್ನೂ ಲೈನಿನ ಹೆಣ್ಣಾಳನ್ನೂ ಕೂಡಿಸಿ ಭಾಗಿಸಿದ ಲೆಕ್ಕ. ಲೈನಿನದೇ ಲೆಕ್ಕ ಎಲ್ಲಿದೆ? ಈಗ ಅಸ್ಸಾಮಿನಿಂದ ಬಂದು ಕುಯ್ಲು ಮಾಡುತ್ತಿರುವವರು ಯಾವ ಲೆಕ್ಕದಲ್ಲಿದ್ದಾರೆ? 2015ರಿಂದ ಸರ್ಕಾರ ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳು ನಿವಾರಣಾ ದಿನ ನಡೆಸುತ್ತಿದೆ. 1ರಿಂದ 19 ವರ್ಷದವರಿಗೆ ಆಲ್ಬೆಂಡಜೋಲ್ ಮಾತ್ರೆ. ಒಳ್ಳೆಯ ಕೆಲಸ, ಹಾಸ್ಟೆಲಿನಲ್ಲಿ ನೀವೂ ನುಂಗಿರುತ್ತೀರಿ. ಆದರೆ 19 ದಾಟಿದ ಮೇಲೆ ಹುಳು ಬಿಟ್ಟು ಹೋಗುತ್ತದೆಯೇ? ಮಗಳಿಗೆ ಮಾತ್ರೆ, ದಿನವಿಡೀ ಅದೇ ಮಣ್ಣಲ್ಲಿ ಕಾಲಿಟ್ಟು ನಿಲ್ಲುವ ಅವ್ವನಿಗೆ ಬಸುರಿಯಾದರೆ ಮಾತ್ರ!

'ಚೆನ್ನಾಗಿ ತಿನ್ನು' ಅನ್ನೋ ಉಪದೇಶಕ್ಕೂ ಒಂದು ಮಾತು. ಸೊಪ್ಪು, ಹುರುಳಿಯ ಕಬ್ಬಿಣಕ್ಕಿಂತ ಮಾಂಸದ ಕಬ್ಬಿಣವನ್ನು ಮೈ ಬೇಗ ಹೀರಿಕೊಳ್ಳುತ್ತದೆ. ಅಗ್ಗಕ್ಕೆ ಸಿಗುತ್ತಿದ್ದ ನಮ್ಮ ಮಾಂಸವನ್ನು ಮೊದಲು ಹೊಲಸು ಅಂದರು, 2021ರಲ್ಲಿ ಜಾರಿಗೆ ಬಂದ ಕಾನೂನು ಅದನ್ನು ಅಪರಾಧದ ಅಂಚಿಗೆ ತಂದಿತು. ಉಳಿದದ್ದು ದಾಳಿಂಬೆ. ಇನ್ನೊಂದು, ಊಟದ ಜೊತೆಗೇ ಕುಡಿಯುವ ಕಾಫಿ, ಟೀ ಕಬ್ಬಿಣವನ್ನು ಮೈಗೆ ಹತ್ತಲು ಬಿಡೋದಿಲ್ಲ. ನಾವೇ ಕುಯ್ದ ಕಾಫಿ ನಮ್ಮ ರಕ್ತಕ್ಕೇ ಅಡ್ಡ. ಊಟಕ್ಕೂ ಕಾಫಿಗೂ ನಡುವೆ ಒಂದು ಗಂಟೆ ಬಿಡಿಸಿ, ಸಾಕು.

ಗೆಳೆಯನ ಅವ್ವನಿಗೆ ರಕ್ತ ಹಾಕಿದರು, ಹುಳುವಿನ ಮಾತ್ರೆ ಕೊಟ್ಟರು, ಕಬ್ಬಿಣದ ಮಾತ್ರೆ ತಿಂಗಳುಗಟ್ಟಲೆ ನುಂಗಿಸಿದರು. ಮಲ ಕಪ್ಪಾಗುತ್ತದೆ, ಹೊಟ್ಟೆ ಕಟ್ಟುತ್ತದೆ, ಹೆದರಬೇಡಿ ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದರಿಂದ ನಡುವೆ ಬಿಡಲಿಲ್ಲ. ಈಗ ಕುಯ್ಲಿಗೆ ಹೋಗುತ್ತಾರೆ. ಕಾಲಿಗೆ ಪ್ಲಾಸ್ಟಿಕ್ ಬೂಟು ಹಾಕಿದ್ದಾರೆ, ಲೈನಿನ ಹೆಂಗಸರು ನಗುತ್ತಾರಂತೆ.

ಈ ರಜೆಗೆ ಊರಿಗೆ ಹೋಗುವವರು ಒಂದು ನೋಟುಬುಕ್ಕು ಹಿಡಿದುಕೊಂಡು ಹೋಗಿ. ನಿಮ್ಮ ಲೈನಿನಲ್ಲಿ, ಕೇರಿಯಲ್ಲಿ ಕಾಲು ಬಾತವರು ಎಷ್ಟು ಜನ, ಎಷ್ಟು ದಿನದಿಂದ, ಎರಡೂ ಕಾಲೋ ಒಂದೋ, ಇದುವರೆಗೆ ಏನು ಪರೀಕ್ಷೆ ಆಗಿದೆ, ಕಕ್ಕಸು ಇದೆಯೋ, ಅದಕ್ಕೆ ನೀರು ಇದೆಯೋ ಬರೆದುಕೊಳ್ಳಿ. ಜನರ ಹೆಸರು ಬೇಡ, ವಯಸ್ಸು ಸಾಕು. ಹಳೇ ಚೀಟಿಗಳನ್ನು ಒಲೆಗೆ ಹಾಕಲು ಬಿಡಬೇಡಿ, ಒಂದು ದಾರದಲ್ಲಿ ಪೋಣಿಸಿಡಿ. ಆಸ್ಪತ್ರೆಗೆ ನೀವೇ ಜೊತೆಗೆ ಹೋಗಿ. ಹಿಮೋಗ್ಲೋಬಿನ್, ಮೂತ್ರದಲ್ಲಿ ಆಲ್ಬುಮಿನ್, ಮಲ ಪರೀಕ್ಷೆ, ರಕ್ತದೊತ್ತಡ, ಈ ನಾಲ್ಕನ್ನು ಬಾಯಿಬಿಟ್ಟು ಕೇಳಿ. 'ನಿನಗೇನು ಗೊತ್ತು' ಅಂದರೆ, 'ಗೊತ್ತಿಲ್ಲ ಸಾರ್, ಅದಕ್ಕೇ ಕೇಳ್ತಿದೀವಿ' ಅನ್ನಿ. ವಿಜ್ಞಾನ ಓದುವ ಗೆಳೆಯರು ಲೆಕ್ಕವನ್ನು ಕೂಡಿಸಿ ಪಟ್ಟಿ ಮಾಡಿಕೊಡಲಿ. 19 ದಾಟಿದ ತೋಟದ ಆಳುಗಳಿಗೂ ಹುಳುವಿನ ಮಾತ್ರೆ ಕೊಡಬೇಕು, ಕುಯ್ಲು ಶುರುವಾಗುವ ಮುಂಚೆ ಲೈನಿಗೇ ಬಂದು ರಕ್ತ ಪರೀಕ್ಷೆ ಮಾಡಬೇಕು ಅಂತ ಜಿಲ್ಲಾ ಆರೋಗ್ಯಾಧಿಕಾರಿಗೆ ಅರ್ಜಿ ಬರೆಯುವ ಕೆಲಸ ನಮಗೆ ಬಿಡಿ. ರಜೆ ಮುಗಿಸಿ ಬಂದ ಮೊದಲನೇ ಭಾನುವಾರ ನೋಟುಬುಕ್ಕಿನ ಜೊತೆ ಸಭೆಗೆ ಬನ್ನಿ.